ಹಳೆಯ ಗರಗಸದ ಮಾರಾಟ

ಮನೆಗೆ ಬೇಡವಾದ ಸಾಮಾನನ್ನು ಮಾರಿ, ಬಂದ ಹಣವನ್ನು ಬೇಕಾದುದಕ್ಕೆ ವಿನಿಯೋಗಿಸುವುದು ಗೃಹಸ್ಥರಿಗೆ ಸಹಜವಾದ ವ್ಯವಹಾರ. ಹಳೆಯ ಮಂಚದಲ್ಲಿಯೋ ಹೊಲಿಗೆಯ ಯಂತ್ರದಲ್ಲಿಯೋ ಸಣ್ಣ ದೋಷವೊಂದಿದ್ದು, ಮಾರಿದವನು ಅದನ್ನು ಹೇಳದೆಹೋದರೆ ಕೊಂಡವನಿಗೆ ಸ್ವಲ್ಪ ನಷ್ಟವಾಗುವುದು, ಮನಸ್ಸಿಗೆ ಬೇಸರವಾಗುವುದು. ಅಷ್ಟರಲ್ಲಿಯೇ ಅದು ಮುಗಿಯುವುದು. ಆದರೆ ಮಲೆನಾಡಿನ ಮತ್ತು ಕೊಡಗಿನ ಅನೇಕ ಮನೆಗಳ ಉಗ್ರಾಣಗಳಲ್ಲಿ ಬೇರೊಂದು ಬಗೆಯ ಹಳೆಯ ಸಾಮಾನು ಬಿದ್ದಿರುವುದುಂಟು. ಅದು ಪೆಟ್ರೋಲಿನಿಂದ ನಡೆಯುವ ಸರಪಣಿ ಗರಗಸ. ಜನರ ಬಾಯಲ್ಲಿ ಚೈನ್‌ಸಾ. ಕಾಫಿಯ ತೋಟದ ನೆರಳಿನ ಮರಗಳನ್ನು ಸವರುವುದಕ್ಕೂ, ಮಳೆಗಾಲದಲ್ಲಿ ದಾರಿಗೆ ಅಡ್ಡಬಿದ್ದ ಮರವನ್ನು ತುಂಡರಿಸುವುದಕ್ಕೂ ಒಮ್ಮೆ ಆಸೆಯಿಂದ ಕೊಂಡದ್ದು. ಹೊಸ ಯಂತ್ರ ಬಂದಾಗ, ಅಥವಾ ತೋಟವನ್ನು ನೋಡಿಕೊಳ್ಳುವವರು ಊರು ಬಿಟ್ಟಾಗ, ಇದು ಮಾರಾಟಕ್ಕೆ ಹೊರಡುವುದು. ಇದನ್ನು ಮಾರುವುದು ಮಂಚವನ್ನು ಮಾರಿದಂತಲ್ಲ.

ಮೊದಲು ಈ ಯಂತ್ರದ ವಯಸ್ಸಿನ ಮಾತು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತನು 1926ರಲ್ಲಿ ವಿದ್ಯುತ್ತಿನ ಸರಪಣಿ ಗರಗಸವನ್ನು ಮಾಡಿದನು. 1927ರಲ್ಲಿ ಎಮಿಲ್ ಲೆರ್ಪ್ ಎಂಬಾತನು ಥುರಿಂಗಿಯಾ ಪ್ರಾಂತದ ಡೋಲ್ಮಾರ್ ಬೆಟ್ಟದ ಮೇಲೆ ಪೆಟ್ರೋಲಿನ ಗರಗಸವನ್ನು ಪರೀಕ್ಷಿಸಿದನು. ಆಗಿನ ಯಂತ್ರವನ್ನು ಹಿಡಿಯಲು ಇಬ್ಬರು ಬೇಕು. ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತನು, ಹುಳುವೊಂದು ದಿಮ್ಮಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊರೆದು ತಿನ್ನುತ್ತಿದ್ದುದನ್ನು ಕಂಡು, ಅದರ ದವಡೆಯಂತೆಯೇ ಹಲ್ಲುಗಳುಳ್ಳ ಸರಪಣಿಯನ್ನು ರಚಿಸಿ 1947ರಲ್ಲಿ ಮಾರಾಟಕ್ಕಿಟ್ಟನು. ಇಂದಿನ ಸರಪಣಿಗಳಲ್ಲಿ ಬಹುಭಾಗ ಅದರ ಸಂತತಿಯೇ. ಹೀಗೆ ಯಂತ್ರವು ಹಗುರವಾಯಿತು, ಚುರುಕಾಯಿತು. ಒಬ್ಬನ ಕೈಗೆ ಬಂದಿತು. ಆದರೆ ಒಬ್ಬನ ಕೈಗೆ ಬಂದ ಮೇಲೆಯೂ ಬಹು ವರ್ಷಗಳ ಕಾಲ ಅದಕ್ಕೆ ಸರಪಣಿಯನ್ನು ತಡೆಯುವ ಬ್ರೇಕಿರಲಿಲ್ಲ. ಅದು ಬಳಕೆಗೆ ಬಂದುದು 1970ರ ಈಚಿನ ದಶಕದಲ್ಲಿ.

ಈ ಬ್ರೇಕಿನ ಪ್ರಯೋಜನವೇನೆಂಬುದನ್ನು ಮಾರುವವರು ಚೆನ್ನಾಗಿ ಅರಿತಿರಬೇಕು. ಸರಪಣಿಯು ಸೆಕೆಂಡಿಗೆ ಸುಮಾರು 20 ಮೀಟರಿನ ವೇಗದಲ್ಲಿ ಓಡುವುದು. ಓಡುತ್ತಿರುವಾಗ ಅಲಗಿನ ತುದಿಯ ಮೇಲಣ ಅಂಚು ಕೊಂಬೆಗೋ ದಿಮ್ಮಿಗೋ ತಾಗಿದರೆ, ಇಡೀ ಯಂತ್ರವು ಹಿಡಿದವನ ಮುಖದ ಕಡೆಗೆ ಚಿಮ್ಮುವುದು. ಕಣ್ಣು ಮಿಟುಕಿಸುವಷ್ಟು ಕಾಲವೂ ಹಿಡಿಯದು. ಆಗ ಮುಂದಿನ ಹಿಡಿಯ ಎದುರಿಗಿರುವ ತಡೆಯು ಕೈಗೆ ತಗುಲಿ, ಬ್ರೇಕು ಬಿದ್ದು, ಸರಪಣಿ ನಿಲ್ಲುವುದು. ಬ್ರೇಕು ಕೆಟ್ಟಿದ್ದರೆ ನಿಲ್ಲದು, ಅಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸವು ಒಬ್ಬ ಮನುಷ್ಯನ ಕುತ್ತಿಗೆಯಷ್ಟು ದೊಡ್ಡದು.

ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ ಕೊಳ್ಳುವುದು ಪದ್ಧತಿ. ಗರಗಸಕ್ಕೂ ಇದೇ ಕ್ರಮ ಯುಕ್ತ. ಕೊಳ್ಳುವವನು ಕೇಳುವ ಮೊದಲೇ ಮಾರುವವರು ತೋರಿಸತಕ್ಕ ಸಂಗತಿಗಳು ಕೆಲವುಂಟು. ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿ ತೋರಿಸಬೇಕು. ಮೊದಲೇ ಬಿಸಿಮಾಡಿಟ್ಟ ಎಂಜಿನು ತನ್ನ ರೋಗವನ್ನು ಮರೆಮಾಚುವುದು. ಹೊಗೆಯ ಮುಚ್ಚಳವನ್ನು ಬಿಚ್ಚಿದರೆ ಒಳಗಿನ ಪಿಸ್ಟನ್ನು ಕಾಣುವುದು. ಅದು ನಯವಾಗಿದ್ದರೆ ಯಂತ್ರ ಆರೋಗ್ಯವಾಗಿದೆ, ಉದ್ದುದ್ದನೆಯ ಗೀರುಗಳಿದ್ದರೆ ಎಣ್ಣೆಯಿಲ್ಲದೆ ಬೆಂದಿದೆ. ಅಲಗಿನ ತುದಿಯನ್ನು ಬಿಳಿಯ ಕಾಗದದ ಹತ್ತಿರ ಹಿಡಿದು ಓಡಿಸಿದರೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಎಣ್ಣೆಯ ಪಂಪು ಕೆಟ್ಟಿದೆ. ಕೈಗೆ ನಡುಕ ಹತ್ತದಂತೆ ಹಿಡಿಗಳಿಗೆ ಕೊಟ್ಟಿರುವ ರಬ್ಬರು ಬಿರಿದಿದೆಯೇ ಎಂಬುದನ್ನೂ ನೋಡಬೇಕು. ಬಹುಕಾಲ ಆ ನಡುಕವನ್ನುಂಡ ಬೆರಳುಗಳು ಬಿಳಿಚಿ ಜೋಮು ಹಿಡಿಯುವುದುಂಟು.

ಈಗ ಇಂಧನದ ವಿಷಯವೊಂದು ಹೊಸದಾಗಿ ಸೇರಿದೆ. ನಮ್ಮ ದೇಶದ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆತಿದೆ. ಇದು ಗಾಳಿಯ ತೇವವನ್ನು ಹೀರುವುದು. ಹಳೆಯ ಯಂತ್ರದ ರಬ್ಬರಿನ ನಾಳಗಳನ್ನೂ ಕಾರ್ಬುರೇಟರಿನ ತೆಳುಪದರವನ್ನೂ ಕೆಡಿಸುವುದು. ಆದುದರಿಂದ ಗರಗಸವನ್ನು ಮೂಲೆಗಿಡುವಾಗ ತೊಟ್ಟಿಯನ್ನು ಬರಿದುಮಾಡಿಡುವುದು ಒಳ್ಳೆಯದು. ಇಂಧನ ತುಂಬಿಟ್ಟೇ ವರ್ಷಗಟ್ಟಲೆ ಮರೆತ ಯಂತ್ರವಾದರೆ, ನಾಳಗಳನ್ನು ಬದಲಾಯಿಸಿ ಮಾರಬೇಕು. ಇಲ್ಲವೆ ಬದಲಾಯಿಸಬೇಕೆಂದು ಹೇಳಿ ಬೆಲೆ ಇಳಿಸಬೇಕು.

ಇನ್ನು ದಿಮ್ಮಿಯನ್ನು ಬಿದ್ದಲ್ಲಿಯೇ ಹಲಗೆ ಸೀಳುವ ಸಾಗಿಸಬಹುದಾದ ಯಂತ್ರಗಳು. ಇವು ಎರಡು ಬಗೆ. ಒಂದು, ಸರಪಣಿ ಗರಗಸಕ್ಕೇ ತೊಡಿಸುವ ಲೋಹದ ಚೌಕಟ್ಟು. ಇನ್ನೊಂದು, ಹಳಿಯ ಮೇಲೆ ಸರಿಯುವ ಪಟ್ಟಿಯ ಗರಗಸ. ಮೊದಲನೆಯದು ಅಗ್ಗ. ಆದರೆ ಅದರ ಪ್ರತಿಯೊಂದು ಸೀಳಿನಲ್ಲಿ ಸುಮಾರು 8 ಮಿಲಿಮೀಟರು ಮರ ಹೊಟ್ಟಾಗುವುದು. ಪಟ್ಟಿಯ ಗರಗಸದಲ್ಲಿ ಸುಮಾರು 2 ಮಾತ್ರ. ಒಂದೊಂದು ಅಂಗುಲ ದಪ್ಪದ ಹತ್ತು ಹಲಗೆಗಳಿಗೆ ನಡುವೆ ಒಂಬತ್ತು ಸೀಳು ಬೇಕಾದುದರಿಂದ, ಮೊದಲನೆಯದರಲ್ಲಿ 72 ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಮೂರು ಹಲಗೆಗಳಷ್ಟು ಮರ, ನೆಲದ ಪಾಲಾಗುವುದು. ಪಟ್ಟಿಯ ಯಂತ್ರವನ್ನು ಮಾರುವವರು ಹಳಿಯ ಉದ್ದಕ್ಕೂ ದಾರ ಕಟ್ಟಿ ಅದು ನೆಟ್ಟಗಿದೆಯೆಂದು ತೋರಿಸಬೇಕು. ಹಳಿ ಡೊಂಕಾದರೆ ಹಲಗೆಯೂ ಡೊಂಕು.

ಇಲ್ಲಿ ಕಾನೂನನ್ನೂ ನೆನೆಯಬೇಕು. ನಮ್ಮಲ್ಲಿ ಮರ ಕೊಯ್ಯುವ ಉದ್ಯಮಕ್ಕೆ ಪರವಾನಗಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇತ್ತ ಆಜ್ಞೆಯ ತರುವಾಯ ಈ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಿದೆ. ಯಂತ್ರಕ್ಕೆ ಚಕ್ರಗಳಿವೆಯೆಂಬ ಮಾತ್ರಕ್ಕೆ ಪರವಾನಗಿ ಬೇಡವೆಂದು ಭಾವಿಸತಕ್ಕದ್ದಲ್ಲ. ಮಾರುವವರೂ ಕೊಳ್ಳುವವರೂ ಮೊದಲು ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸಿ, ಆಮೇಲೆ ಬೆಲೆಯ ಮಾತಾಡುವುದು ಲೇಸು.

ಹಾಗಾದರೆ ಬ್ರೇಕಿಲ್ಲದ ಅಥವಾ ಬ್ರೇಕು ಕೆಟ್ಟ ಗರಗಸವನ್ನು ಏನು ಮಾಡಬೇಕು? ಕೆಟ್ಟ ಬ್ರೇಕನ್ನು ಸರಿಪಡಿಸಬಹುದಾದರೆ ಸರಿಪಡಿಸಿ ಮಾರಬೇಕು. ಆಗದಿದ್ದರೆ ಸರಪಣಿಯನ್ನೂ ಅಲಗನ್ನೂ ಕಳಚಿ, ಬಿಡಿಭಾಗಗಳ ಬೆಲೆಗೆ ರಿಪೇರಿಯವನಿಗೆ ಕೊಡಬೇಕು. ಕೂಲಿಗೆ ಮರ ಕೊಯ್ದು ಹೊಟ್ಟೆ ಹೊರೆಯುವ ಬಡವನೇ ಅಗ್ಗದ ಯಂತ್ರಕ್ಕೆ ಗಿರಾಕಿ. ಹೊಸದನ್ನು ಕೊಳ್ಳಲಾರದವನು, ಅಪಾಯವಾದರೆ ಮನೆಮಂದಿಯೆಲ್ಲ ಬೀದಿಗೆ ಬೀಳುವವನು. ಅವನಿಗೆ ಅದನ್ನು ದಾಟಿಸಿ ಸಾವಿರವೋ ಎರಡು ಸಾವಿರವೋ ಹೆಚ್ಚು ಪಡೆಯುವುದು ಲಾಭವೆನಿಸದು.

ದೋಷವನ್ನು ಹೇಳಬೇಕೆಂದು ಕಾನೂನೇನು ಕಟ್ಟುಮಾಡಿದೆಯೇ ಎಂದು ಕೆಲವರು ಕೇಳಬಹುದು. 1872ನೆಯ ಇಸವಿಯ ಭಾರತದ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಇದಕ್ಕೊಂದು ಉದಾಹರಣೆಯುಂಟು. ಒಬ್ಬನು ರೋಗವುಳ್ಳ ಕುದುರೆಯನ್ನು, ರೋಗವನ್ನು ಬಲ್ಲವನಾಗಿಯೂ ಏನೂ ಹೇಳದೆ, ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲವಂತೆ. ಆದರೆ ಅದೇ ಕಲಮಿನ ಮುಂದಿನ ಉದಾಹರಣೆಯನ್ನೂ ನೋಡಬೇಕು. ಕೊಳ್ಳುವವಳು ಮಾರುವವನ ಮಗಳಾಗಿ, ಆಗತಾನೆ ಪ್ರಾಪ್ತವಯಸ್ಕಳಾಗಿದ್ದರೆ, ಆ ಸಂಬಂಧದಿಂದಲೇ ದೋಷವನ್ನು ತಿಳಿಸುವುದು ಅವನ ಕರ್ತವ್ಯವೆನಿಸುವುದು. ಕುದುರೆ ಕುಂಟಿದರೆ ಹೋಗುವುದು ಹಣ. ಗರಗಸ ಚಿಮ್ಮಿದರೆ ಹೋಗುವುದು ಪ್ರಾಣ. ಆದುದರಿಂದ ಹಳೆಯ ಗರಗಸವನ್ನು ಮಾರಲು ಹೊರಟ ಗೃಹಸ್ಥರು ಆ ಕಲಮಿನ ಮೊದಲನೆಯ ಉದಾಹರಣೆಯನ್ನು ಬಿಟ್ಟು ಎರಡನೆಯದನ್ನು ಹಿಡಿಯಲಿ. ಬಾಗಿಲಿಗೆ ಬಂದ ಗಿರಾಕಿಯನ್ನು ಸ್ವಂತ ಮಕ್ಕಳೆಂದೇ ಎಣಿಸಿ, ಇದ್ದುದನ್ನು ಇದ್ದಂತೆ ಹೇಳಿ, ಬಂದಷ್ಟು ಬೆಲೆಯನ್ನು ತೆಗೆದುಕೊಳ್ಳಲಿ.