ಆರೋಗ್ಯವಿಮೆಯ ಆಯ್ಕೆಯೂ ಗಣಕಯಂತ್ರವೂ

ಮನುಷ್ಯನು ಹಣ ಕೊಟ್ಟು ಕೊಳ್ಳುವ ವಸ್ತುಗಳಲ್ಲಿ ವಿಮೆಯಷ್ಟು ವಿಚಿತ್ರವಾದುದು ಬೇರೊಂದಿಲ್ಲ. ಅಕ್ಕಿಯನ್ನು ಕೊಳ್ಳುವವನು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಅದು ಹಳೆಯದೋ ಹೊಸದೋ ಎಂಬುದನ್ನು ಅರಿಯುತ್ತಾನೆ. ಸೀರೆಯನ್ನು ಕೊಳ್ಳುವವಳು ಸೆರಗನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ. ಆರೋಗ್ಯವಿಮೆಯನ್ನು ಕೊಳ್ಳುವವನಿಗೆ ಇಂತಹ ಪರೀಕ್ಷೆಗೆ ಆಸ್ಪದವೇ ಇಲ್ಲ. ಮುಂದಿನ ವರ್ಷ ತನಗೆ ನೆಗಡಿಯಷ್ಟೇ ಬರುವುದೋ, ಶಸ್ತ್ರಚಿಕಿತ್ಸೆಯೇ ಬೇಕಾಗುವುದೋ ಅವನಿಗೆ ತಿಳಿಯದು. ಆದರೂ ಯಾವ ವಿಮೆ ಎಂಬುದನ್ನು ಇಂದೇ ನಿಶ್ಚಯಿಸಬೇಕು. ಈ ಆಯ್ಕೆಯಲ್ಲಿ ಜನರಿಗೆ ನೆರವಾಗಲೆಂದು ಅಂತರಜಾಲದಲ್ಲಿ ಈಗ ಹಲವು ಸಾಧನಗಳು ಏರ್ಪಟ್ಟಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಅರಿಯಬೇಕಾದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಕಡೆಗೆ ನೋಡಬೇಕು.

ಆ ದೇಶದಲ್ಲಿ ಎಲ್ಲ ಪ್ರಜೆಗಳನ್ನೂ ಒಳಗೊಳ್ಳುವ ಒಂದೇ ಸರ್ಕಾರಿ ವಿಮೆಯಿಲ್ಲ. 65 ವರ್ಷ ಮುಟ್ಟಿದವರಿಗೆ ಮೆಡಿಕೇರ್ ಎಂಬುದುಂಟು, ಬಡವರಿಗೆ ಮೆಡಿಕೇಡ್ ಎಂಬುದುಂಟು. ದುಡಿಯುವವರಲ್ಲಿ ಬಹುಮಂದಿಗೆ ನೌಕರಿ ಕೊಟ್ಟ ಸಂಸ್ಥೆಯ ಮೂಲಕವೇ ವಿಮೆ ದೊರೆಯುತ್ತದೆ. ಅಲ್ಲಿ ನೆಲಸಿರುವ ನಮ್ಮ ಕನ್ನಡಿಗರಲ್ಲಿ ಅನೇಕರು ಈ ವರ್ಗದವರು. ಇದಾವುದಕ್ಕೂ ಸೇರದವರಿಗಾಗಿ 2010ರ ಶಾಸನವೊಂದು ವಿಮೆಯ ಸಂತೆಯನ್ನೇ ಏರ್ಪಡಿಸಿತು. 2013ರ ಅಕ್ಟೋಬರ್ 1ರಂದು ‘ಹೆಲ್ತ್‌ಕೇರ್ ಡಾಟ್ ಗವ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಈ ಸಂತೆ ತೆರೆಯಿತು. ಮೊದಲ ದಿನವೇ ಜನರ ನೂಕುನುಗ್ಗಲನ್ನು ತಾಳಲಾರದೆ ಅದು ಕುಸಿಯಿತು. ಅಂದು ವಿಮೆ ಪಡೆಯುವುದರಲ್ಲಿ ಸಫಲರಾದವರು ಆರೇ ಮಂದಿ. ಆ ದೋಷವನ್ನು ತಜ್ಞರು ಕೆಲವು ತಿಂಗಳಲ್ಲಿ ಸರಿಪಡಿಸಿದರು. ಸಂತೆಯೊಳಕ್ಕೆ ಬಂದವನು ಏನನ್ನು ಆರಿಸಬೇಕೆಂಬ ತೊಡಕು ಮಾತ್ರ ಅಷ್ಟು ಸುಲಭವಾಗಿ ಬಿಡಿಸಲು ಬರುವಂತಹುದಲ್ಲ.

ಅಲ್ಲಿ ಮಾರುವ ಯೋಜನೆಗಳಿಗೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಲೋಹಗಳ ಹೆಸರು. ಸಾಮಾನ್ಯ ಜನಸಮುದಾಯವೊಂದರ ಚಿಕಿತ್ಸೆಯ ವೆಚ್ಚದಲ್ಲಿ ಕಂಚಿನ ಯೋಜನೆ ಸುಮಾರು ಶೇಕಡ 60 ಭಾಗವನ್ನೂ, ಉಳಿದವು ಕ್ರಮವಾಗಿ 70, 80, 90 ಭಾಗವನ್ನೂ ಭರಿಸುವಂತೆ ಕಟ್ಟಲಾಗಿದೆ. ಚಿನ್ನದ ಯೋಜನೆಯಾದರೆ ವೈದ್ಯರೂ ಚಿನ್ನದಂತಹವರು ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಲೋಹವು ಸೂಚಿಸುವುದು ಖರ್ಚಿನ ಪಾಲನ್ನು ಮಾತ್ರ; ಅದೂ ಸಮುದಾಯದ ಸರಾಸರಿಯನ್ನೇ ಹೊರತು ಒಬ್ಬೊಬ್ಬನ ಪಾಲನ್ನಲ್ಲ.

ಒಬ್ಬೊಬ್ಬನ ಪಾಲನ್ನು ತಿಳಿಯಲು ಲೆಕ್ಕವನ್ನೇ ಹಾಕಬೇಕು. ಎರಡು ಕಲ್ಪಿತ ಯೋಜನೆಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರ ಕಂತು ತಿಂಗಳಿಗೆ 300 ಡಾಲರ್, ಎಂದರೆ ವರ್ಷಕ್ಕೆ 3600. ಚಿಕಿತ್ಸೆಗೆ ತಗಲುವ ಮೊದಲ 6000 ಡಾಲರನ್ನು ವಿಮೆ ಮಾಡಿಸಿದವನೇ ತೆರಬೇಕು. ಇದಕ್ಕೆ ಡಿಡಕ್ಟಬಲ್ ಎಂದು ಹೆಸರು. ಅದಕ್ಕೆ ಮೇಲ್ಪಟ್ಟ ಖರ್ಚಿನಲ್ಲಿ ಶೇಕಡ 40 ಅವನದು. ಎಷ್ಟೇ ಖರ್ಚಾದರೂ ಅವನ ಪಾಲು 9000 ಡಾಲರನ್ನು ಮೀರದು. ಎರಡನೆಯ ಯೋಜನೆಯ ಕಂತು ತಿಂಗಳಿಗೆ 450 ಡಾಲರ್, ವರ್ಷಕ್ಕೆ 5400. ಡಿಡಕ್ಟಬಲ್ 1500, ಅಲ್ಲಿಂದ ಮೇಲೆ ಶೇಕಡ 20, ಪರಮಾವಧಿ 5000. ಇವೆರಡರಲ್ಲಿ ಅಗ್ಗವಾದುದು ಯಾವುದು?

ವರ್ಷದಲ್ಲಿ 500 ಡಾಲರಿನ ಔಷಧ ಮಾತ್ರ ಬೇಕಾದರೆ ಮೊದಲನೆಯದರಿಂದ ಒಟ್ಟು 4100, ಎರಡನೆಯದರಿಂದ 5900. ದುರದೃಷ್ಟದಿಂದ 20,000 ಡಾಲರಿನ ಶಸ್ತ್ರಚಿಕಿತ್ಸೆ ಒದಗಿತೆನ್ನಿ: ಈಗ ಮೊದಲನೆಯದು 12,600, ಎರಡನೆಯದು 10,400. ತಕ್ಕಡಿ ಮಗುಚಿತು! ಅದು ಮಗುಚುವ ಬಿಂದು 3750 ಡಾಲರಿನ ವೆಚ್ಚ. ಅಲ್ಲಿ ಎರಡೂ ಸರಿಯಾಗಿ 7350. ಪ್ರಾಥಮಿಕ ಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಇಲ್ಲಿಲ್ಲ. ಆದರೆ ಮೂವತ್ತು ನಲವತ್ತು ಯೋಜನೆಗಳನ್ನು ಎದುರಿಗಿಟ್ಟುಕೊಂಡು, ರೋಗದ ಭೀತಿಯನ್ನೂ ಸೇರಿಸಿಕೊಂಡು ಈ ಲೆಕ್ಕವನ್ನು ಮಾಡುವವರಾರು?

ಬಹುಶಃ ಯಾರೂ ಮಾಡುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ವಿಮೆಯ ಮೂಲಭೂತ ಪದಗಳನ್ನು ಕುರಿತ ನಾಲ್ಕು ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟ ವಿಮಾದಾರರು ಶೇಕಡ 14 ಮಂದಿ ಮಾತ್ರ. ಅದೇ ವರ್ಷ ಎರಿಕ್ ಜಾನ್ಸನ್ ಮತ್ತು ಅವರ ಸಹೋದ್ಯೋಗಿಗಳು, ಸರ್ಕಾರಿ ಸಂತೆಯನ್ನು ಹೋಲುವ ಕೃತಕ ಜಾಲತಾಣಗಳಲ್ಲಿ ಆರು ಪ್ರಯೋಗಗಳನ್ನು ನಡೆಸಿದ ವರದಿ ಹೊರಬಂದಿತು. ಚೀಟಿ ಎತ್ತಿ ಆರಿಸಿದ್ದರೂ ಫಲ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು! ಸರಿಯಾಗಿ ಆರಿಸಿದರೆ ಬಹುಮಾನವೆಂದು ಆಸೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಇದಕ್ಕಿಂತ ಶೋಚನೀಯವಾದುದೆಂದರೆ, ತಾವು ತಪ್ಪುತ್ತಿರುವೆವೆಂಬ ಅರಿವೇ ಅವರಿಗಿರಲಿಲ್ಲ. ಡಿಡಕ್ಟಬಲ್ಲಿನ ಅಂಕಿ ಕಣ್ಣಿಗೆ ದೊಡ್ಡದಾಗಿ ಕಂಡು, ತಿಂಗಳು ತಿಂಗಳೂ ಕರಗುವ ಕಂತು ಮರೆಯಾಗುತ್ತಿತ್ತು. ದೊಡ್ಡ ಸಂಸ್ಥೆಯೊಂದರ ನೌಕರರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಇದೇ ಕಥೆ: 250 ಡಾಲರಿನಷ್ಟು ಡಿಡಕ್ಟಬಲ್ಲನ್ನು ಇಳಿಸಿಕೊಳ್ಳಲು ವರ್ಷಕ್ಕೆ 500 ಡಾಲರಿಗೂ ಹೆಚ್ಚು ಕಂತು ತೆತ್ತವರಿದ್ದರು. ಆರೋಗ್ಯವಾಗಿದ್ದರೂ ನಷ್ಟ, ರೋಗ ಬಂದರೂ ನಷ್ಟ!

ಈ ಕೂಡಿ ಕಳೆಯುವ ಕೆಲಸವನ್ನೇ ಸಾಧನವು ತನ್ನ ಮೇಲೆ ಹಾಕಿಕೊಳ್ಳುತ್ತದೆ. ವಯಸ್ಸು, ಊರು, ಕುಟುಂಬ, ವರಮಾನ ಇವುಗಳನ್ನು ಕೇಳುತ್ತದೆ. ಚಿಕಿತ್ಸೆಯ ಅಗತ್ಯ ಅಲ್ಪವೋ, ಮಧ್ಯಮವೋ, ಅಧಿಕವೋ ಎಂದು ವಿಚಾರಿಸುತ್ತದೆ. ಅಂತಹ ಜನರಿಗೆ ಸಾಮಾನ್ಯವಾಗಿ ತಗಲುವ ವೆಚ್ಚವನ್ನು ಅಂದಾಜು ಮಾಡಿ, ಕಂತನ್ನು ಸೇರಿಸಿ, ವರ್ಷದ ಒಟ್ಟು ಮೊತ್ತವನ್ನು ಒಂದೊಂದು ಯೋಜನೆಯ ಮುಂದೆಯೂ ಬರೆದಿಡುತ್ತದೆ. ಯಂತ್ರವು ಜಾತಕ ಹೇಳುವುದಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಅದು ನಮ್ಮಂತಹ ಹಲವರ ಸರಾಸರಿಯನ್ನು ಬಲ್ಲದೇ ಹೊರತು ನಮ್ಮನ್ನಲ್ಲ. ನಮ್ಮ ವೈದ್ಯರು ಆ ಯೋಜನೆಯ ಪಟ್ಟಿಯಲ್ಲಿದ್ದಾರೆಯೇ ಎಂಬುದನ್ನು ಹೇಳುವ ಭಾಗವಂತೂ ಪಟ್ಟಿ ಹಳತಾದಂತೆ ತಪ್ಪತೊಡಗುತ್ತದೆ. ವೈದ್ಯರನ್ನೇ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಇಷ್ಟು ಕೊರತೆಗಳಿದ್ದರೂ ಜಾನ್ಸನ್ನರ ಪ್ರಯೋಗಗಳಲ್ಲಿ, ಲೆಕ್ಕ ಹಾಕಿಕೊಟ್ಟು, ತಕ್ಕ ಯೋಜನೆಯೊಂದನ್ನು ಮೊದಲೇ ಗುರುತುಮಾಡಿಟ್ಟಾಗ ಜನರ ಆಯ್ಕೆ ಗಮನಾರ್ಹವಾಗಿ ಉತ್ತಮಗೊಂಡಿತು.

ಪಟ್ಟಿಯಲ್ಲಿ ಯಾವುದು ಮೊದಲು ಬರಬೇಕೆಂಬ ಸಣ್ಣ ವಿಷಯ ಹೀಗೆ ದೊಡ್ಡದಾಗುತ್ತದೆ. ಕಂತಿನ ಕ್ರಮದಲ್ಲಿ ಜೋಡಿಸಿದರೆ ಕಂಚು ಮೇಲಕ್ಕೆ ಬರುವುದು ಸಹಜ. ಆದರೆ ಆ ಶಾಸನದಲ್ಲಿ ಒಂದು ವಿಶೇಷವುಂಟು: ಸಂತೆಗೆ ಬರುವ ಅತಿ ಕಡಮೆ ವರಮಾನದವರಿಗೆ ಬೆಳ್ಳಿಯ ಯೋಜನೆ ಶೇಕಡ 70ರ ಬದಲು 94 ಭಾಗವನ್ನು ಭರಿಸುತ್ತದೆ, ಎಂದರೆ ಪ್ಲಾಟಿನಮ್ಮಿಗಿಂತಲೂ ಹೆಚ್ಚು. ಸಾಮಾನ್ಯವಾಗಿ ಈ ಸೌಲಭ್ಯ ಬೆಳ್ಳಿಗೆ ಮಾತ್ರ. ಅಂತಹ ಬಡವನೊಬ್ಬನು ಮೊದಲ ಸಾಲಿನ ಕಂಚನ್ನು ಅಗ್ಗವೆಂದು ಆರಿಸಿದರೆ, ತನಗೆ ಸಲ್ಲಬೇಕಾಗಿದ್ದ ನೆರವನ್ನು ತಾನಾಗಿಯೇ ಬಿಟ್ಟುಕೊಟ್ಟಂತಾಗುವುದು. ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗಲೇ ಅವನಿಗೆ ಅದರ ಅರಿವು. ಖಾಸಗಿ ಮಧ್ಯವರ್ತಿಗಳ ತಾಣಗಳಿಗೆ ವಿಮಾ ಕಂಪನಿಗಳಿಂದ ಕಮಿಷನ್ ಸಲ್ಲುವುದರಿಂದ ಅಲ್ಲಿನ ಕ್ರಮವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಸಾಧನವನ್ನು ನಿರ್ಮಿಸಿ ಇಟ್ಟರೆ ಸಾಲದೆಂಬುದಕ್ಕೆ 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಮೆಡಿಕೇರಿನ ಔಷಧವಿಮೆಯನ್ನು ಪಡೆದಿದ್ದ ವೃದ್ಧರನ್ನು ಎರಡು ಗುಂಪುಮಾಡಿ, ಇಬ್ಬರಿಗೂ ಪತ್ರ ಬರೆದರು. ಒಂದು ಗುಂಪಿಗೆ, ಬೆಲೆಗಳನ್ನು ಹೋಲಿಸಿ ನೋಡುವ ಸರ್ಕಾರಿ ಜಾಲತಾಣ ಎಲ್ಲಿದೆಯೆಂಬುದನ್ನು ತಿಳಿಸಿದರು. ಇನ್ನೊಂದು ಗುಂಪಿನವರಿಗೆ, ಅದೇ ತಾಣದಿಂದ ಅವರವರ ಔಷಧಗಳ ಲೆಕ್ಕವನ್ನು ತೆಗೆದು, ಯಾವ ಯೋಜನೆಯಿಂದ ಎಷ್ಟು ಉಳಿಯುವುದೆಂದು ಕಾಗದದ ಮೇಲೆಯೇ ಬರೆದು ಕಳುಹಿಸಿದರು. ಮೊದಲ ಗುಂಪಿನಲ್ಲಿ ಯೋಜನೆಯನ್ನು ಬದಲಾಯಿಸಿದವರು ಶೇಕಡ 17, ಎರಡನೆಯದರಲ್ಲಿ 28. ತಾಣ ಇಬ್ಬರಿಗೂ ಒಂದೇ, ಅದನ್ನು ನೋಡಲು ಯಾರೂ ಕಾಸು ಕೊಡಬೇಕಾಗಿಯೂ ಇರಲಿಲ್ಲ.