ಕೋಣೆಯ ಮೂಲೆಯಲ್ಲೊಂದು ಮಂದ್ರಸ್ವರದ ಬಲೆ

ಬಯಲಾಟದ ಮದ್ದಳೆಯನ್ನು ಗದ್ದೆಯಲ್ಲಿ ಕುಳಿತು ಕೇಳಿರುತ್ತೀರಿ. ಅದೇ ಆಟದ ಧ್ವನಿಮುದ್ರಣವನ್ನು ಮನೆಯ ಕೋಣೆಯಲ್ಲಿ ದೊಡ್ಡ ಸ್ಪೀಕರಿನಲ್ಲಿ ಹಾಕಿ ನೋಡಿ. ಕೆಲವು ಪೆಟ್ಟುಗಳು ‘ಬೊಂ’ ಎಂದು ಎಳೆಯುತ್ತವೆ, ಕೆಲವು ಸಪ್ಪೆಯಾಗಿ ಕೇಳುತ್ತವೆ. ತಪ್ಪು ಸ್ಪೀಕರಿನದಲ್ಲ. ಬಯಲಿನಲ್ಲಿ ಹೊರಟ ಶಬ್ದ ಹಿಂದಿರುಗುವುದಿಲ್ಲ. ಕೋಣೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಈ ತೊಂದರೆ ಕಡಿಮೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಕಡೆಗೆಲ್ಲ ಹಂಚಿನ ಮಾಡು ಹರಡಿತು. ಹಂಚಿನ ಸಂದುಗಳಲ್ಲಿ ಶಬ್ದ ಸೋರಿಹೋಗುತ್ತದೆ. ಕೆಳಗಿನ ಹಲಗೆಯ ಮುಚ್ಚಿಗೆ ತಾನೇ ಕಂಪಿಸಿ ಮಂದ್ರಸ್ವರದ ಶಕ್ತಿಯನ್ನು ಒಂದಷ್ಟು ಹೀರುತ್ತದೆ. ಹೊಸ ಮನೆಯಲ್ಲಾದರೋ ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ, ಮೇಲೆ ಕಾಂಕ್ರೀಟು, ಕೆಳಗೆ ಟೈಲ್ಸ್. ಆರು ಮುಖಗಳೂ ಪ್ರತಿಫಲಕಗಳೇ.

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವಿನ ಅಂತರ 3.05 ಮೀಟರ್. ಅಂತರದ ಎರಡರಷ್ಟು ತರಂಗದೂರವಿರುವ ಶಬ್ದ ಅಲ್ಲಿ ಸ್ಥಾಯೀ ತರಂಗವಾಗಿ ನಿಲ್ಲುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. ಅದನ್ನು 6.1ರಿಂದ ಭಾಗಿಸಿದರೆ ಬರುವ ಆವೃತ್ತಿ 57 ಹರ್ಟ್ಸ್. ಮೂರು ಅಳತೆಗಳೂ ಒಂದೇ ಆದ್ದರಿಂದ ಮೂರು ದಿಕ್ಕಿನ ಅನುರಣನೆಗಳೂ ಅದೇ ಆವೃತ್ತಿಯಲ್ಲಿ ಬಂದು ಕೂರುತ್ತವೆ. ಸಂಗೀತ ಕೇಳಲು ಇದಕ್ಕಿಂತ ಕೆಟ್ಟ ಆಕಾರವಿಲ್ಲ!

ವಿದ್ಯಾರ್ಥಿಗಳಿಗೆ ಇದನ್ನು ಸುಲಭವಾಗಿ ತೋರಿಸಬಹುದು. ಕಂಪ್ಯೂಟರಿನಲ್ಲಿ 57 ಹರ್ಟ್ಸ್ ಸ್ವರ ಉಂಟುಮಾಡಿ, ಮೂಲೆಯಲ್ಲಿಟ್ಟ ದೊಡ್ಡ ಸ್ಪೀಕರಿನಿಂದ ನುಡಿಸಿ. ಕೋಣೆಯಲ್ಲಿ ಮೆಲ್ಲಗೆ ನಡೆಯಿರಿ. ಮಧ್ಯಕ್ಕೆ ಬಂದಾಗ ಶಬ್ದ ತೀರ ಕುಗ್ಗುತ್ತದೆ, ಮೂಲೆಯಲ್ಲಿ ಗುಂಯ್‌ಗುಡುತ್ತದೆ. ಅಳತೆಯ ಉಪಕರಣ ಬೇಡ, ಕಿವಿ ಸಾಕು.

ಇದನ್ನು ಪಳಗಿಸಲೆಂದು ಗೋಡೆಗೆ ಮೊಟ್ಟೆಯ ಟ್ರೇ, ತೆಳು ಸ್ಪಂಜು ಅಂಟಿಸುವವರಿದ್ದಾರೆ. ಹಣ ದಂಡ. ರಂಧ್ರಮಯ ವಸ್ತು ಶಬ್ದವನ್ನು ಹೀರುವುದು ತನ್ನೊಳಗೆ ಗಾಳಿ ಓಡಾಡಿದಾಗ ಆಗುವ ಘರ್ಷಣೆಯಿಂದ. ಗೋಡೆಗೆ ತಾಗಿದ ಗಾಳಿ ಓಡಾಡುವುದೇ ಇಲ್ಲ. ಓಟ ಅತಿ ಹೆಚ್ಚಿರುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. 2000 ಹರ್ಟ್ಸ್‌ಗೆ ಅದು 4 ಸೆಂ.ಮೀ. ಚಿಲ್ಲರೆ, 57 ಹರ್ಟ್ಸ್‌ಗೆ ಒಂದೂವರೆ ಮೀಟರ್! ತೆಳು ಸ್ಪಂಜು ಭಾಗವತರ ತಾಳದ ಹೊಳಪನ್ನು ನುಂಗಿ, ಮದ್ದಳೆಯ ಗುಂಗನ್ನು ಹಾಗೆಯೇ ಉಳಿಸುತ್ತದೆ.

ಆದ್ದರಿಂದಲೇ ‘ಬಾಸ್ ಟ್ರ್ಯಾಪ್’ ಎಂಬ ಮಂದ್ರಸ್ವರದ ಬಲೆಯನ್ನು ದಪ್ಪವಾಗಿ ಮಾಡಿ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಕೋಣೆಯ ಎಲ್ಲ ಅನುರಣನೆಗಳಿಗೂ ಮೂಲೆಯಲ್ಲಿ ಒತ್ತಡದ ಏರಿಳಿತ ಗರಿಷ್ಠ. ಒಂದಡಿ ದಪ್ಪದ ರಾಕ್‌ವುಲ್ ಅಥವಾ ಹತ್ತಿಯ ಸುರುಳಿಯನ್ನು ನೆಲದಿಂದ ತಾರಸಿಯವರೆಗೆ ನಿಲ್ಲಿಸಿದರೆ 114 ಹರ್ಟ್ಸ್‌ನ ಎರಡನೆಯ ಅನುರಣನೆ ತಕ್ಕಮಟ್ಟಿಗೆ ತಗ್ಗುತ್ತದೆ. 57ಕ್ಕೆ ಅದೂ ಸಾಲದು.

ಅಲ್ಲಿ ನೆರವಿಗೆ ಬರುವುದು ಹೆಲ್ಮ್‌ಹೋಲ್ಟ್ಸ್ ಅನುರಣಕ. ಬಾಯಿಯಲ್ಲಿರುವ ಗಾಳಿ ದ್ರವ್ಯರಾಶಿ, ಒಳಗಿನ ಗಾಳಿ ಸ್ಪ್ರಿಂಗು. ಒತ್ತಡದ ಏರಿಳಿತದಿಂದಲೇ ನಡೆಯುವ ಸಾಧನವಾದ್ದರಿಂದ ಮೂಲೆಯೇ ಇದಕ್ಕೂ ತಕ್ಕ ಜಾಗ. 100 ಲೀಟರಿನ ಗಟ್ಟಿ ಡ್ರಮ್ಮಿನ ತಗಡಿನ ಮುಚ್ಚಳದಲ್ಲಿ 10 ಸೆಂ.ಮೀ. ವ್ಯಾಸದ ತೂತು ಕೊರೆದರೆ ಅದರ ಆವೃತ್ತಿ ಸುಮಾರು 55 ಹರ್ಟ್ಸ್ ಎಂದು ಲೆಕ್ಕ ಹೇಳುತ್ತದೆ. ಒಳಗೆ ಕೆಲವು ಲೀಟರ್ ನೀರು ಸುರಿಯಿರಿ. ಗಾಳಿಯ ಗಾತ್ರ ತಗ್ಗಿ ಆವೃತ್ತಿ ಏರುತ್ತದೆ. ಹೀಗೆ ಶ್ರುತಿ ಮಾಡಿದ ಡ್ರಮ್ಮಿನ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಗಾಳಿ ಬಟ್ಟೆಯ ಎಳೆಗಳಿಗೆ ಉಜ್ಜಿ ಶಬ್ದದ ಶಕ್ತಿ ಶಾಖವಾಗುವುದು ಅಲ್ಲಿಯೇ. ನಮ್ಮ ಊರುಗಳಲ್ಲಿ ಆ ಬಟ್ಟೆ ಸೊಳ್ಳೆಯನ್ನೂ ತಡೆಯುತ್ತದೆನ್ನಿ.

ಹತ್ತಿಯ ಸುರುಳಿ ಮಾಡಿದವರು ಜೂನ್ ತಿಂಗಳಿಗೆ ಮೊದಲು ಅದನ್ನು ಬಿಸಿಲಿಗೆ ಹಾಕಿ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಮಳೆಗಾಲದ ತೇವಕ್ಕೆ ಹತ್ತಿ ಬಲುಬೇಗ ಬೂಸ್ಟು ಹಿಡಿಯುತ್ತದೆ.