ಗೆಂಡೆ ಮೀನು ಉಗುಳುವ ಹೊತ್ತಿಗೆ

ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತವರಿಗೆಲ್ಲ ಇದು ಗೊತ್ತು: ಬೆಂಡು ಒಂದೆರಡು ಸಲ ಅಲುಗಾಡಿ ಸುಮ್ಮನಾಗುತ್ತದೆ. ಎಳೆದು ನೋಡಿದರೆ ಕೊಕ್ಕೆ ಖಾಲಿ. ಅಷ್ಟರೊಳಗೆ ಗೆಂಡೆ ಮೀನು ಎರೆಯನ್ನು ಬಾಯೊಳಗೆ ಎಳೆದುಕೊಂಡು, ಲೋಹದ ಗಡಸು ತಾಗಿದ್ದೇ ತಡ ಉಗುಳಿ ಹೋಗಿರುತ್ತದೆ.

ಗೆಂಡೆ ಕಚ್ಚುವ ಮೀನಲ್ಲ, ಹೀರುವ ಮೀನು. ಅದರ ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದೆಲ್ಲ ಗಂಟಲಲ್ಲಿ. ತುಟಿಯನ್ನು ಮುಂದಕ್ಕೆ ಚಾಚಿ ಬಾಯಿಯನ್ನು ಒಳಗಿನಿಂದ ತಟ್ಟನೆ ಹಿಗ್ಗಿಸಿದರೆ ನೀರು, ಮರಳು, ಹುಳು, ಹಿಟ್ಟು ಎಲ್ಲವೂ ಒಟ್ಟಿಗೆ ಒಳನುಗ್ಗುತ್ತವೆ. ಅಂಗುಳಿನಲ್ಲಿ ರುಚಿಮೊಗ್ಗುಗಳು ಕಿಕ್ಕಿರಿದ ದಪ್ಪ ಸ್ನಾಯುವಿನ ಮೆತ್ತೆಯೊಂದಿದೆ. ತಿನ್ನುವಂಥದ್ದನ್ನು ಅದು ಅಲ್ಲಲ್ಲೇ ಒತ್ತಿ ಹಿಡಿಯುತ್ತದೆ, ಮಿಕ್ಕಿದ್ದು ಹೊರಬೀಳುತ್ತದೆ. ಮೊರದಲ್ಲಿ ಅಕ್ಕಿ ಕೇರಿದಷ್ಟೇ ಚೊಕ್ಕ ಕೆಲಸ. ಹಿಟ್ಟಿನುಂಡೆಯೊಳಗೆ ಕೊಕ್ಕೆಯನ್ನು ಎಷ್ಟೇ ಜಾಣತನದಿಂದ ಹುದುಗಿಸಿದರೂ ಈ ಅಂಗುಳಿಗೆ ಗೊತ್ತಾಗಿಬಿಡುತ್ತದೆ.

1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಈ ಉಗುಳುವ ಅಭ್ಯಾಸವನ್ನೇ ಬಳಸಿಕೊಂಡರು. ಅವರು ಎರೆಯನ್ನು ಕೊಕ್ಕೆಗೆ ಚುಚ್ಚಲಿಲ್ಲ. ಕೊಕ್ಕೆಗೆ ಒಂದು ತಲೆಗೂದಲು ಕಟ್ಟಿ, ಅದರ ತುದಿಗೆ ಎರೆಯನ್ನು ಇಳಿಬಿಟ್ಟರು. ಮೀನು ಎರೆಯನ್ನು ಹೀರಿದರೆ ಬರಿಯ ಕೊಕ್ಕೆ ಹಿಂದೆಯೇ ಒಳಹೋಗುತ್ತದೆ. ಅನುಮಾನ ಬಂದು ಉಗುಳಿದರೆ ಎರೆ ಸಲೀಸಾಗಿ ಹೊರಬರುತ್ತದೆ, ಕೊಕ್ಕೆಯ ಮೊನೆ ಮಾತ್ರ ತಿರುಗಿ ಸಾಮಾನ್ಯವಾಗಿ ಕೆಳತುಟಿಗೆ ನಾಟುತ್ತದೆ. ಬೆದರಿ ಓಡುವಾಗ ದಾರದಲ್ಲಿರುವ ಗುಂಡಿನ ತೂಕವೇ ಅದನ್ನು ಭದ್ರ ಮಾಡುತ್ತದೆ. ಈಗ ಕೂದಲಿನ ಜಾಗಕ್ಕೆ ತೆಳು ದಾರ ಬಂದಿದೆ, ತತ್ವ ಅದೇ. ಗಾಳದ ಸಾಮಾನಿನಲ್ಲಿ ಮೀನಿನ ದೇಹವನ್ನು ಇಷ್ಟು ಚೆನ್ನಾಗಿ ಅರಿತು ಮಾಡಿದ್ದು ಮತ್ತೊಂದಿಲ್ಲ ಎಂದೇ ನನ್ನ ಎಣಿಕೆ.

ಇನ್ನು ಎರೆ. ನಮ್ಮ ಮೂಗಿಗೆ ಘಮ್ಮೆನ್ನುವುದೆಲ್ಲ ಮೀನಿಗೆ ಹಿಡಿಸಬೇಕೆಂದಿಲ್ಲ. ನೀರಿನಲ್ಲಿ ಕರಗಿ ಹರಡಿದ್ದಷ್ಟೇ ಅದರ ಮೂಗನ್ನೂ, ಬಾಯಿಯ ಅಂಚಿನ ಎರಡು ಜೊತೆ ಮೀಸೆಗಳನ್ನೂ ಮುಟ್ಟುತ್ತದೆ. ಎಣ್ಣೆ ಕರಗುವುದಿಲ್ಲ, ತೇಲಿಹೋಗುತ್ತದೆ. ಗೆಂಡೆಯನ್ನು ಬಲವಾಗಿ ಸೆಳೆಯುವುದು ಪ್ರೋಟೀನು ಒಡೆದಾಗ ಸಿಗುವ ಅಮೈನೋ ಆಮ್ಲಗಳು. ಕಡಲೆಕಾಯಿ ಹಿಂಡಿಯನ್ನು ನೆನೆಹಾಕಿ ಹುಳಿ ಬರಿಸಿದಾಗ ಸೂಕ್ಷ್ಮಜೀವಿಗಳು ಮಾಡುವುದು ಇದನ್ನೇ. ಕಾವೇರಿಯಲ್ಲಿ ಮಹಶೀರ್‌ಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಹಾಕುತ್ತಿದ್ದರು. ಬೆಂದ ಪಿಷ್ಟ ಅಂಟಾಗುವುದರಿಂದ ಉಂಡೆ ಹರಿಯುವ ನೀರಿನಲ್ಲೂ ಬೇಗ ಬಿಡಿಸಿಕೊಳ್ಳುವುದಿಲ್ಲ. ಆದರೆ ಅಲ್ಲಿನ ಗೂನುಬೆನ್ನಿನ ಮಹಶೀರ್ ಇಂದು ನಿರ್ನಾಮದ ಅಂಚಿನಲ್ಲಿದೆ. ಅದರ ತಂಟೆಗೆ ಯಾರೂ ಹೋಗಬಾರದು.

ಮೀನು ಬರಲೆಂದು ಬೊಗಸೆಗಟ್ಟಲೆ ಹಿಂಡಿ ಸುರಿಯುವವರಿದ್ದಾರೆ. ಗೆಂಡೆಗೆ ಜಠರವೇ ಇಲ್ಲ. ತಿಂದದ್ದು ಅನ್ನನಾಳದಿಂದ ನೇರ ಕರುಳಿಗೆ ಇಳಿಯುತ್ತದೆ. ಹಾಗಾಗಿ ಅದು ಒಮ್ಮೆಗೇ ಹೊಟ್ಟೆ ತುಂಬಿಸಿಕೊಳ್ಳದೆ ಆಗಾಗ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಒಂದು ಹಿಡಿ ಸಾಕು. ಉಳಿದದ್ದು ತಳದಲ್ಲಿ ಕೊಳೆತು ಆಮ್ಲಜನಕವನ್ನು ನುಂಗುತ್ತದೆ.

ಆಮ್ಲಜನಕದ ಲೆಕ್ಕ ಗಾಳದ ಹೊತ್ತನ್ನೂ ತೀರ್ಮಾನಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಪಾಚಿಗಟ್ಟಿದ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ನಸುಕಿಗೆ ಆಮ್ಲಜನಕ ತೀರಾ ಕೆಳಗಿಳಿದಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವಕ್ಕೆ ತಿನ್ನುವ ಮನಸ್ಸಿಲ್ಲವೆಂದೇ ತಿಳಿಯಬೇಕು. ಅಂಥ ಕೆರೆಗೆ ಬಿಸಿಲೇರಿದ ಮೇಲೆ ಹೋಗುವುದು ಮೇಲು.

ಒಂದು ವಿಷಯದಲ್ಲಿ ನಾವು ಎಚ್ಚೆತ್ತುಕೊಳ್ಳಲೇಬೇಕು: ಸೀಸ. ಹಂಸಗಳು ಕಾಳು ಅರೆಯಲು ಕಲ್ಲುಹರಳು ನುಂಗುತ್ತವೆ. ತಳದಲ್ಲಿ ಬಿದ್ದ ಸೀಸದ ಗುಂಡುಗಳೂ ಅದರೊಂದಿಗೆ ಹೊಟ್ಟೆ ಸೇರಿ ವಿಷವಾಗುತ್ತವೆ. ಥೇಮ್ಸ್ ನದಿಯ ಹಂಸಗಳು ಹೀಗೇ ಸಾಯತೊಡಗಿದಾಗ ಬ್ರಿಟನ್ 1987ರಲ್ಲಿ ಸುಮಾರು 28 ಗ್ರಾಂವರೆಗಿನ ಬಹುತೇಕ ಗಾಳದ ಸೀಸದ ಮಾರಾಟವನ್ನು ನಿಲ್ಲಿಸಿತು. ಹಂಸಗಳು ಚೇತರಿಸಿಕೊಂಡವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹರಳು ನುಂಗುವ ಹಕ್ಕಿಗಳೇ. ಗಾಳದ ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿದರೂ ಎರೆ ತಳ ಮುಟ್ಟುತ್ತದೆ, ದಾರ ಹರಿದು ಅದು ಕೆರೆಯಲ್ಲೇ ಉಳಿದರೂ ಯಾವ ಹಕ್ಕಿಯೂ ಸೀಸದ ವಿಷವೇರಿ ಸಾಯುವುದಿಲ್ಲ.